ಗ್ರೀಸ್‌ಗೆ ಬೆಂಕಿ ಹತ್ತುತ್ತಾ? ಡಿಎಂ ಆದೋನು ರೂಲ್ಸ್‌ನ ಎಷ್ಟು ಬಗ್ಗಿಸ್ಬೋದು?

ಭಾನುವಾರದ_ಡಿಎಂ

ಎಲ್ರಿಗೂ ನಮಸ್ಕಾರ. ಗಿರಿನಗರದಲ್ಲಿ ನಮ್ಮನೆ ಟೆರೇಸ್ ರೂಮಲ್ಲಿ ಎಂಟು ತಿಂಗಳಿಂದ ಭಾನುವಾರ ಭಾನುವಾರ ಡಿ ಆ್ಯಂಡ್ ಡಿ (ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್, ಒಬ್ಬೊಬ್ರು ಒಂದೊಂದು ಪಾತ್ರ ಆಗಿ ದಾಳ ಹಾಕ್ತಾ ಕಥೆ ಕಟ್ಟೋ ಆಟ) ಆಡ್ತಿದೀವಿ, ಐದನೇ ಎಡಿಷನ್, 2014ರ ಬುಕ್ಕು, ಐದು ಜನ ಪ್ಲೇಯರ್ಸ್, ಡಿಎಂ, ಅಂದ್ರೆ ಕಥೆ ನಡೆಸಿ ರೂಲ್ಸ್ ತೀರ್ಪು ಕೊಡೋನು, ನಾನೇ. ಮಿನಿಯೇಚರ್ ಬೊಂಬೆಗಳಿಗೆಲ್ಲ ದುಡ್ಡು ಸುರಿಯೋಕಾಗಲ್ಲ, ಅದಕ್ಕೆ ಗಾಬ್ಲಿನ್ ಅನ್ನೋ ಕುಳ್ಳ ರಾಕ್ಷಸರಿಗೆ ಕಾಂಗ್ರೆಸ್ ಕಡ್ಲೆಕಾಯಿ, ಓಗ್ರೆ ಅನ್ನೋ ದೊಡ್ಡ ರಾಕ್ಷಸನಿಗೆ ನಿಪ್ಪಟ್ಟು, ಯಾರು ಸಾಯಿಸ್ತಾರೋ ಅವ್ರೇ ತಿನ್ನೋದು. ಈ ರೂಲ್ ಬಗ್ಗೆ ಮಾತ್ರ ಇವತ್ತಿನವರೆಗೂ ಯಾರೂ ಜಗಳ ಆಡಿಲ್ಲ.

ವಿಷಯ ಏನಪ್ಪಾ ಅಂದ್ರೆ, ಒಂದು ತಿಂಗಳ ಹಿಂದೆ ಮರದ ಸೇತುವೆ ಮೇಲೆ ಫೈಟು. ನಮ್ ವಿಝರ್ಡು, ಅಂದ್ರೆ ಮಂತ್ರವಾದಿ ಆಡೋನು, ನೆಲ ಜಾರೋ ಹಾಗೆ ಮಾಡೋ ಗ್ರೀಸ್ ಸ್ಪೆಲ್ ಹಾಕ್ದ, ಗಾಬ್ಲಿನ್‌ಗಳೆಲ್ಲ ಜಾರಿ ದಬದಬ ಅಂತ ಬಿದ್ವು, ಅಷ್ಟೊತ್ತಿಗೆ ಫೈಟರ್ ಆಡೋನು ಎದ್ದು ನಿಂತ್ಕೊಂಡು 'ಡಿಎಂ, ಪಂಜು ಎಸೀತೀನಿ, ಹತ್ಕೊಳುತ್ತೆ ಅಲ್ವಾ?' ಅಂದ. ರೂಮು ಫುಲ್ ಸೈಲೆಂಟು. ನಾನೂ ಜೋಶಲ್ಲಿ 'ಹತ್ಕೊಂಡ್ತು, ಪ್ರತಿ ರೌಂಡು 2ಡಿ6' ಅಂದ್ಬಿಟ್ಟೆ, ಅಂದ್ರೆ ಆರು ಮುಖದ ಎರಡು ದಾಳ ಹಾಕಿ ಬಂದಷ್ಟು ಡ್ಯಾಮೇಜು. ಕಿರುಚಾಟ ಕೇಳಿ ಕೆಳಗಡೆ ಮನೆ ಅಂಕಲ್ ಏನಾಯ್ತೋ ಅಂತ ಮೆಟ್ಲು ಹತ್ಕೊಂಡು ಬಂದ್ರು. ನಿಜವಾಗ್ಲೂ ಎಂಟು ತಿಂಗಳಲ್ಲಿ ಅದೇ ಬೆಸ್ಟ್ ಮೊಮೆಂಟು.

ಆಮೇಲಿಂದ ಶುರು ಆಯ್ತು ನೋಡಿ. ಎಲ್ಲಿ ಹೋದ್ರೂ ಗ್ರೀಸು, ಪಂಜು. ತಿಂಗಳಿಂದ ಬಿಲ್ಡಪ್ ಕೊಟ್ಟು ತಂದ ಓಗ್ರೆ, 59 ಎಚ್‌ಪಿ (ಅಷ್ಟು ಡ್ಯಾಮೇಜ್ ಆದ್ರೇನೇ ಬೀಳೋದು), ಗ್ರೀಸಿನ ಚೌಕ ಅವನ ಸೈಜಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು, ಮೂರನೇ ರೌಂಡಿಗೆ ನಿಪ್ಪಟ್ಟು ಹೊಟ್ಟೆ ಸೇರ್ತು. ಸಾರ್ಸರರ್ (ಇನ್ನೊಂದು ಥರ ಮಂತ್ರವಾದಿ) ಆಡೋ ಹುಡುಗಿ ಆವತ್ತಿಡೀ ಮಾತಾಡ್ಲಿಲ್ಲ. ಅದಕ್ಕೆ ಮೊನ್ನೆ ಭಾನುವಾರ ಫೈಟ್ ಮಧ್ಯದಲ್ಲೇ 'ಗ್ರೀಸ್ ಉರಿಯಲ್ಲ, ನಾನು ಅವತ್ತು ತಪ್ಪು ಹೇಳ್ದೆ' ಅಂದೆ. ವಿಝರ್ಡು ಕೇಳ್ತಾನೆ, 'ಹೋದ್ವಾರ ಉರೀತಿತ್ತು, ಈ ವಾರ ಎಣ್ಣೆ ಕಲಬೆರಕೆ ಆಯ್ತಾ?' ಎಲ್ರೂ ನಕ್ರು, ಅವನು ನಗ್ಲಿಲ್ಲ, ಕಾಫಿನೂ ಕುಡೀದೆ ಹೋದ. ಈಗ ಹೇಳಿ, ಬುಕ್ಕಲ್ಲಿ ಇದ್ದಂಗೇ ನಡೀಬೇಕಾ ಅಥವಾ ಮಜಾ ಬರೋ ಹಾಗೆ ಬಗ್ಗಿಸ್ಬೇಕಾ? ಬಗ್ಗಿಸಿದ್ರೆ ಎಲ್ಲೀವರೆಗೆ?

ರೂಲ್‌ಬುಕ್_ರಾಯ

ಗುರೂ, ಮೊದ್ಲು ಬುಕ್ ಓದೋ ಅಭ್ಯಾಸ ಮಾಡ್ಕೋ, ಬೇಜಾರಾಗ್ಬೇಡ. 2014ರ ಗ್ರೀಸ್‌ನಲ್ಲಿ ಉರಿಯುತ್ತೆ ಅಂತ ಎಲ್ಲೂ ಇಲ್ಲ, ಉರಿಯಲ್ಲ ಅಂತಾನೂ ಇಲ್ಲ, ಜಗಳ ಶುರುವಾಗೋದೇ ಅಲ್ಲಿ. ಆದ್ರೆ ಅದೇ ಬುಕ್ಕಲ್ಲಿ ವೆಬ್ ಸ್ಪೆಲ್ ತೆಗೆದು ನೋಡು, ಬೆಂಕಿ ತಗುಲಿದ್ರೆ ಬಲೆ ಉರಿದು ಹೋಗುತ್ತೆ, 2ಡಿ4 ಡ್ಯಾಮೇಜು ಅಂತ ಬಿಡಿಸಿ ಬರ್ದಿದಾರೆ. ಉರಿಯೋದಿದ್ರೆ ಬರೀತಿದ್ರು ಅಂತ ಅರ್ಥ. 2024ರ ಬುಕ್ಕಲ್ಲಂತೂ ಇದು ಬೆಂಕಿ ಹತ್ತದ ಗ್ರೀಸು ಅಂತ ನೇರವಾಗೇ ಹಾಕ್ಬಿಟ್ರು, ಎಷ್ಟು ಟೇಬಲ್‌ಗಳಲ್ಲಿ ನಿಮ್ ಥರ ಗಲಾಟೆ ಆಗಿರ್ಬೇಕು ಯೋಚ್ನೆ ಮಾಡು.

ನೀನು ಮಾಡಿದ್ದು ಏನು ಗೊತ್ತಾ? ವೆಬ್ ಎರಡನೇ ಲೆವೆಲ್ ಸ್ಪೆಲ್ಲು, ಅದ್ರ ಬೆಂಕಿ ಸರಾಸರಿ 5, ಅದೂ ಒಂದೇ ರೌಂಡಲ್ಲಿ ಬಲೆ ಖಾಲಿ. ನೀನು ಫಸ್ಟ್ ಲೆವೆಲ್ ಸ್ಪೆಲ್‌ಗೆ ಸರಾಸರಿ 7 ಕೊಟ್ಟೆ, ಅದೂ ಪ್ರತಿ ರೌಂಡು. ಗ್ರೀಸ್ ಇರೋದು 1 ನಿಮಿಷ ಅಂದ್ರೆ 10 ರೌಂಡು. ಮೆಜೆಸ್ಟಿಕ್ ಟಿಕೆಟ್ ತಗೊಂಡು ಏರ್‌ಪೋರ್ಟ್ ಬಸ್ ಹತ್ತಿಸಿದ ಹಾಗೆ. ಬಗ್ಗಿಸ್ಲೇಬೇಕು ಅಂದ್ರೆ ಪಕ್ಕದ ರೂಲ್ ನೋಡಿ ಬಗ್ಗಿಸು. ಎಣ್ಣೆ ಫ್ಲಾಸ್ಕ್ 1 ಸಿಲ್ವರು, ಐದಡಿ ಚೌಕಕ್ಕೆ ಸುರಿದು ಹಚ್ಚಿದ್ರೆ 5 ಡ್ಯಾಮೇಜು, 2 ರೌಂಡ್ ಉರಿಯುತ್ತೆ. ಅಳತೆಗೋಲು ಅಲ್ಲೇ ಇದೆ.

ಅರ್ಥಧಾರಿ_ಅಲ್ಲ

ರಾಯರೇ, ನೀವು ಹೇಳಿದ ಹಾಗೆ ಆಡಿದರೆ ಅದು ಆಟವಾ ಅಥವಾ ಇನ್‌ಕಮ್ ಟ್ಯಾಕ್ಸ್ ರಿಟರ್ನಾ ಮಾರಾಯ್ರೆ? ಕೆಳಗಿನ ಮನೆಯ ಅಂಕಲ್ ಮೆಟ್ಟಿಲು ಹತ್ತಿ ಬಂದದ್ದು 2ಡಿ4ಕ್ಕೋಸ್ಕರ ಅಲ್ಲವಲ್ಲ.

ನಾನು ಪುತ್ತೂರು ಕಡೆಯವ, ಹನ್ನೆರಡು ವರ್ಷದಿಂದ ಬೆಂಗಳೂರು. ಸಣ್ಣದಿರುವಾಗ ಮಳೆಗಾಲ ಬಂತೆಂದರೆ ಅಜ್ಜನ ಜೊತೆ ತಾಳಮದ್ದಳೆಗೆ ಹೋಗುವುದು. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಸ್ವಂತ ಮಾತು ಕಟ್ಟುತ್ತಾರೆ. ವಾಲಿವಧೆಯಲ್ಲಿ ವಾಲಿ ಮಾಡುವವರು ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಅಂತ ರಾಮನನ್ನು ಮುಕ್ಕಾಲು ಗಂಟೆ ಹಿಡಿದು ಕೇಳಿದ್ದನ್ನು ನೋಡಿದ್ದೇನೆ, ರಾಮ ಬೆವರು ಒರೆಸಿಕೊಂಡದ್ದನ್ನೂ ನೋಡಿದ್ದೇನೆ. ಆದರೆ ವಾಲಿ ವಾದದಲ್ಲಿ ಗೆದ್ದೆ ಅಂತ ಎದ್ದು ಮನೆಗೆ ಹೋಗುವ ಹಾಗಿಲ್ಲ, ಪದ್ಯದಲ್ಲಿ ಸಾವು ಉಂಟು, ಸಾಯಲೇಬೇಕು. ಮಾತಿಗೆ ಬೇಲಿ ಇಲ್ಲ, ಕಥೆಗೆ ಉಂಟು. ನಿಮ್ಮ ಮೊದಲ ದಿನದ ಬೆಂಕಿ ನನಗೆ ಇಷ್ಟವೇ. ಆದರೆ ಸೇತುವೆ ಮರದ್ದು ಅಂತ ನೀವೇ ಬರೆದಿದ್ದೀರಿ, ಅದು ಯಾಕೆ ಉರಿಯಲಿಲ್ಲ? ಸೇತುವೆ ಸುಟ್ಟು ಆಚೆ ದಡಕ್ಕೆ ಹೋಗಲಿಕ್ಕೇ ಆಗದೆ ನಿಂತಿದ್ದರೆ ಎರಡನೇ ಸಲ ಪಂಜು ಎಸೆಯುವ ಮೊದಲು ಅವರೇ ಯೋಚಿಸುತ್ತಿದ್ದರು.

ಎರಡು_ದಾಳ

ಸೇತುವೆ ಮಾತು ಸೂಪರ್. 2010ರ ಅಪೋಕಲಿಪ್ಸ್ ವರ್ಲ್ಡ್ ಗೇಮಲ್ಲಿ ಇದನ್ನೇ ದಾಳಕ್ಕೆ ಕಟ್ಟಿದಾರೆ. 2ಡಿ6 ಹಾಕೋದು, 10 ಮತ್ತು ಮೇಲೆ ಬಂದ್ರೆ ಕೇಳಿದ್ದು ಪೂರ್ತಿ, 7ರಿಂದ 9 ಬಂದ್ರೆ 'ಆಯ್ತು, ಆದ್ರೆ...', 6 ಮತ್ತು ಕೆಳಗೆ ಅಂದ್ರೆ ಡಿಎಂ ಕೈಗೆ ಸಿಕ್ಕಿಬಿದ್ರಿ. ಬೋನಸ್ ಬಿಟ್ಟು ನೋಡಿದ್ರೆ ಆ 'ಆದ್ರೆ' 36ರಲ್ಲಿ 15 ಸಲ ಬರುತ್ತೆ. ಒಂದ್ಸಲ ಟ್ರೈ ಮಾಡಿ, ಡಿ ಆ್ಯಂಡ್ ಡಿಯ 20 ಮುಖದ ದಾಳಕ್ಕೆ ಆಮೇಲೆ ವಾಪಸ್ ಬರ್ಬೋದು.

ಮೂಲೆಯ_ಸಾರ್ಸರರ್

ಎಲ್ರೂ ವಿಝರ್ಡ್ ಕಾಫಿ ಕುಡೀದೆ ಹೋಗಿದ್ದರ ಬಗ್ಗೇನೇ ಮಾತಾಡ್ತಿದೀರ. ಆವತ್ತಿಡೀ ಮಾತಾಡದೆ ಕೂತಿದ್ದ ಹುಡುಗಿ ಬಗ್ಗೆ ಯಾರೂ ಒಂದು ಲೈನ್ ಬರೀಲಿಲ್ಲ, ಅದಕ್ಕೆ ನಾನೇ ಬರೀತೀನಿ, ಯಾಕಂದ್ರೆ ಹೂಡಿಯ ಒಂದು ಗ್ರೂಪಲ್ಲಿ ಎರಡು ವರ್ಷ ಆ ಜಾಗದಲ್ಲಿ ಕೂತಿದ್ದು ನಾನು.

ನನಗೆ ಎಲ್ರ ಮುಂದೆ ಜೋರಾಗಿ 'ಡಿಎಂ ಡಿಎಂ, ಗೋಡೆ ಒದ್ದು ಹಾರಿ ದೀಪ ಬೀಳಿಸ್ತೀನಿ' ಅಂತ ಕೇಳೋಕೆ ಬರಲ್ಲ. ಅದಕ್ಕೆ ಮನೇಲಿ ಕೂತು ಬುಕ್ ಓದಿ, ಮೂರನೇ ಲೆವೆಲ್ ಸಾರ್ಸರರ್‌ಗೆ ಗೊತ್ತಿರೋದೇ 4 ಸ್ಪೆಲ್ಲು, ಅದರಲ್ಲಿ ಒಂದು ಕೈಯಿಂದ ಬೆಂಕಿ ಬಿಡೋ ಬರ್ನಿಂಗ್ ಹ್ಯಾಂಡ್ಸ್ ಅಂತ ಯೋಚ್ನೆ ಮಾಡಿ ಆರಿಸ್ಕೊಂಡು ಬರ್ತಿದ್ದೆ. ಒಂದೇ ಸಲ 3ಡಿ6, ತಪ್ಪಿಸ್ಕೊಂಡ್ರೆ ಅರ್ಧ. ಅದೇ ಲೆವೆಲ್ ವಿಝರ್ಡ್ ಬುಕ್ಕಲ್ಲಿ ಕಮ್ಮಿ ಅಂದ್ರೂ 10 ಸ್ಪೆಲ್ ಇರುತ್ತೆ, ಅದರ ಮೇಲೆ ಬಾಯಿ ಜೋರಿದೆ ಅಂತ ಅವನಿಗೆ ಬೆಂಕಿನೂ ಫ್ರೀಯಾಗಿ ಸಿಕ್ಕಿದ್ರೆ ನನ್ನ ಕ್ಯಾರೆಕ್ಟರ್ ಯಾಕೆ ಬೇಕು? ರೂಲ್ಸ್ ಬಗ್ಗೋದು ಯಾವಾಗ್ಲೂ ಜೋರಾಗಿ ಕೇಳೋರ ಕಡೆಗೇನೇ, ಡಿಎಂಗೆ ಅದು ಗೊತ್ತಾಗೋದೂ ಇಲ್ಲ, ಪಾಪ ಅವ್ರು ಮಜಾ ಬಂತು ಅಂದ್ಕೊಂಡಿರ್ತಾರೆ. ಸುಮ್ನೆ ಕೂತಿರೋರಿಗೆ ಇರೋ ಆಸರೆ ಬುಕ್ಕೊಂದೇ. ಬಗ್ಗಿಸ್ಬೇಡಿ ಅಂತಿಲ್ಲ, ಬಗ್ಗಿಸೋ ಮುಂಚೆ ಈ ಕೆಲಸ ಇನ್ಯಾರ ಕ್ಯಾರೆಕ್ಟರ್‌ದು ಅಂತ ಟೇಬಲ್ ಸುತ್ತ ಒಂದ್ಸಲ ನೋಡಿ.

ಕವಡೆ_ಕಿಲಾಡಿ

ಮೇಲಿನ ಅಕ್ಕ ಹೇಳಿದ್ದಕ್ಕೆ ನೂರು ಲೈಕು.

ನಂದು ಒಂದೇ ಪಾಯಿಂಟು. ನಮ್ಮಜ್ಜಿ ಮನೇಲಿ ಚೌಕಾಬಾರ ಆಡುವಾಗ ಒಂದು ಕಾಯಿನಾದ್ರೂ ಕಡಿದೇ ಇದ್ರೆ ಒಳಸುತ್ತಿಗೆ ಹೋಗೋ ಹಾಗಿರ್ಲಿಲ್ಲ, ದೊಡ್ಡಮ್ಮನ ಮನೇಲಿ ಆ ರೂಲೇ ಇಲ್ಲ, ಅಲ್ಲಿ ಸತತ ಮೂರು ಸಲ ಚೌಕ ಬಿದ್ರೆ ಮೂರೂ ಸತ್ತಂಗೆ. ಯಾರ ಮನೇಲಿ ಆಡ್ತೀವೋ ಅವ್ರ ರೂಲು, ಯಾರಿಗೂ ತಕರಾರಿಲ್ಲ. ಆದ್ರೆ ರಜಕ್ಕೆ ಬಂದ ಮಾವ ಒಬ್ರು ಸೋಲ್ತಿರುವಾಗ ಕವಡೆ ಬಿದ್ಮೇಲೆ 'ನಮ್ ಕಡೆ ಹಿಂಗಲ್ಲ' ಅಂತ ಶುರು ಮಾಡಿದ್ರು, ಅಜ್ಜಿ ಮಣೆ ಎತ್ತಿ ಒಳಗಿಟ್ಟು ಅಕ್ಕಿ ಆರಿಸೋಕೆ ಕೂತ್ರು. ನಿಮ್ ವಿಝರ್ಡ್‌ಗೆ ಕೋಪ ಬಂದಿರೋದು ಗ್ರೀಸ್ ಉರಿಯಲ್ಲ ಅಂತಲ್ಲ ಬ್ರೋ, ಅವನು ಸ್ಪೆಲ್ ಹಾಕಾದ್ಮೇಲೆ ಹೇಳಿದ್ರಿ ಅಂತ.

ಭಾನುವಾರದ_ಡಿಎಂ

ಲೇಟಾಗಿ ಅಪ್‌ಡೇಟ್ ಮಾಡ್ತಿದೀನಿ, ಸಾರಿ. ಮೊದ್ಲು ಸಾರ್ಸರರ್ ಹುಡುಗಿಗೆ ಫೋನ್ ಮಾಡ್ದೆ. ಮೂಲೆಯ_ಸಾರ್ಸರರ್ ಬರೆದಿದ್ದನ್ನೇ ಹೆಚ್ಚು ಕಮ್ಮಿ ಅದೇ ಮಾತಲ್ಲಿ ಹೇಳಿದ್ಲು, ಅದೂ ನಾನು ಕೇಳಿದ್ಮೇಲೆ. ಆಮೇಲೆ ವಿಝರ್ಡ್‌ನ ಗಾಂಧಿಬಜಾರಲ್ಲಿ ಕಾಫಿಗೆ ಕರ್ಕೊಂಡ್ ಹೋಗಿ, ಮಧ್ಯದಲ್ಲಿ ರೂಲ್ ಚೇಂಜ್ ಮಾಡಿದ್ದು ತಪ್ಪಾಯ್ತು ಮಗಾ ಅಂದೆ, ಆವತ್ತು ಖರ್ಚಾದ ಸ್ಪೆಲ್ ಸ್ಲಾಟ್ (ಒಂದ್ಸಲ ಸ್ಪೆಲ್ ಹಾಕೋ ಅವಕಾಶ) ವಾಪಸ್ ಕೊಟ್ಟೆ. ಗ್ರೂಪಲ್ಲೂ ಹಾಕಿದೀನಿ: ಗ್ರೀಸ್ ಉರಿಯಲ್ಲ, ಎಣ್ಣೆ ತಂದು ಸುರಿದ್ರೆ ಉರಿಯುತ್ತೆ, ರಾಯ ಹೇಳಿದ ಲೆಕ್ಕ, ಗ್ರೀಸ್ ಚೌಕ ಪೂರ್ತಿಗೆ 4 ಫ್ಲಾಸ್ಕ್ ಬೇಕು, ಸುತ್ತ ಇರೋ ಮರಾನೂ ಉರಿಯುತ್ತೆ.

ಎಲ್ರೂ ಓಕೆ ಅಂದ್ರು. ಎರಡು ನಿಮಿಷ ಬಿಟ್ಟು ವಿಝರ್ಡ್ ಮೆಸೇಜು: 'ಊರಿನ ಅಂಗಡೀಲಿ 40 ಫ್ಲಾಸ್ಕ್ ಸಿಗುತ್ತಾ?'

ರೂಲ್‌ಬುಕ್_ರಾಯ

40 ಫ್ಲಾಸ್ಕ್ ಅಂದ್ರೆ 4 ಗೋಲ್ಡು, 40 ಪೌಂಡ್ ತೂಕ. ಸ್ಟ್ರೆಂತ್ ಎಷ್ಟು ಅವನ್ದು?

ಭಾನುವಾರದ_ಡಿಎಂ

8. ಈಗಾಗ್ಲೇ 8 ಗೋಲ್ಡ್ ಕೊಟ್ಟು ಕತ್ತೆ ಕೊಂಡಾಯ್ತು, ಹೆಸರೂ ಇಟ್ಟಿದಾರೆ. ಭಾನುವಾರ ಅದಕ್ಕೆ ಕೋಡ್‌ಬಳೆ ಇಡೋಣ ಅಂತಿದೀನಿ.