ಥಳಥಳಿಸುವ ನೆಲ ನೋಡುವುದೋ, ಅವ್ವನ ಹಿಮ್ಮಡಿ ನೋಡುವುದೋ?

ಆಳಂದ ರಸ್ತೆ:
ಅವ್ವನಿಗೆ ಎಂಬತ್ತು ದಾಟಿದೆ. ಲಕ್ವಾ ಹೊಡೆದ ಮೇಲೆ ಎಡಗಡೆ ಸ್ವಾಧೀನವಿಲ್ಲ, ಮಾತು ಅರ್ಧಂಬರ್ಧ. ನಾನೂ ನನ್ನ ಹೆಂಡತಿಯೂ ನೌಕರಿಯವರು. ಮನೆಯಲ್ಲಿ ನೋಡಿಕೊಳ್ಳಲು ಬಂದ ಹೆಂಗಸರು ತಿಂಗಳು ತುಂಬುವ ಮೊದಲೇ ಬಿಟ್ಟು ಹೋಗುತ್ತಾರೆ. ಹಾಸಿಗೆ ಹಿಡಿದವರನ್ನು ಇಟ್ಟುಕೊಳ್ಳುವ ಎರಡು ಆರೈಕೆ ಕೇಂದ್ರಗಳನ್ನು ಇಲ್ಲೇ ಕಲಬುರಗಿಯಲ್ಲಿ ನೋಡಿ ಬಂದೆ. ಹೆಸರು ಬರೆಯುವುದಿಲ್ಲ. ಮೊದಲನೆಯದರಲ್ಲಿ ಥಳಥಳಿಸುವ ಟೈಲ್ಸ್, ಎಸಿ, ಗೋಡೆಗೆ ಟಿವಿ, ಗೂಗಲ್‌ನಲ್ಲಿ 4.8 ಅಂಕ. ಎರಡನೆಯದು ಹಳೆಯ ಮನೆ, ಶಹಾಬಾದ್ ಕಲ್ಲಿನ ನೆಲ, ಕೂಲರ್, ಹಿತ್ತಲಿನ ತುಂಬ ಒಣಗಲು ಹಾಕಿದ ಬಟ್ಟೆ. ಖರ್ಚು ಮೊದಲನೆಯದರ ಅರ್ಧದಷ್ಟು. ಅನುಭವ ಇದ್ದವರು ಹೇಳಿ, ಏನನ್ನು ನೋಡಿ ನಿರ್ಧರಿಸಬೇಕು?

ಸೇಡಂ ತೊಗರಿ:
ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಕೊಡಿ. ಹೆತ್ತವಳನ್ನು ಕಂಡವರ ಕೈಗೆ ಒಪ್ಪಿಸಿ, ಆಮೇಲೆ ಅಲ್ಲಿನ ಗುಣಮಟ್ಟ ಅಳೆಯುವುದೇ? ನಮ್ಮ ಹಿರಿಯರೆಲ್ಲ ಮನೆಯಲ್ಲೇ ಕಣ್ಣು ಮುಚ್ಚಿದರು.

ಬ್ರಹ್ಮಪುರದ ಸೊಸೆ:
ಅಣ್ಣಾ, ನಿಮ್ಮ ಹಿರಿಯರು ಮನೆಯಲ್ಲೇ ಇದ್ದಾಗ ಅವರ ಬಟ್ಟೆ ಬದಲಿಸಿದವರು ಯಾರು? ನೀವೋ, ನಿಮ್ಮ ಹೆಂಡತಿಯೋ? ನಮ್ಮ ಅತ್ತೆಯನ್ನು ನಾನು ಮನೆಯಲ್ಲೇ ನೋಡಿಕೊಂಡೆ. ಸಂಬಂಧಿಕರು ಬಂದು ಚಹಾ ಕುಡಿದು, "ಎಷ್ಟು ಪುಣ್ಯವಂತರು" ಎಂದು ಹೇಳಿ ಹೋಗುತ್ತಿದ್ದರು. ಒಬ್ಬರಾದರೂ ಒಂದು ರಾತ್ರಿ ನಿಲ್ಲಲಿಲ್ಲ. ಇಲ್ಲಿ ಪ್ರಶ್ನೆ ಹಾಕಿದವರು ಕೇಳಿದ್ದು ಉಪದೇಶವನ್ನಲ್ಲ. ಗೊತ್ತಿದ್ದರೆ ದಾರಿ ಹೇಳಿ.

ನಿವೃತ್ತ ಸಿಸ್ಟರ್, ಬೀದರ್:
ತಮ್ಮಾ, ನೆಲ ನೋಡಬೇಡ. ಅಲ್ಲಿ ಈಗಾಗಲೇ ಇರುವವರ ಹಿಮ್ಮಡಿ ನೋಡು. ಹಾಸಿಗೆ ಹಿಡಿದವರಿಗೆ ಹುಣ್ಣು ಮೊದಲು ಏಳುವುದು ಹಿಮ್ಮಡಿ, ಬೆನ್ನಿನ ಕೆಳಗಿನ ಎಲುಬು ಮತ್ತು ಸೊಂಟದ ಮಗ್ಗುಲಿನಲ್ಲಿ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಇಟ್ಟರೆ ಬಹುಪಾಲು ಹುಣ್ಣು ಏಳುವುದೇ ಇಲ್ಲ. ಗಾಳಿ ಹಾಸಿಗೆ ಹಾಕಿದ್ದೇವೆ, ಇನ್ನು ಹೊರಳಿಸುವ ಅಗತ್ಯವಿಲ್ಲ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬಾ. ಬೇರೆಯವರ ಮೈ ನೋಡುವಾಗ ಅವರನ್ನೂ ಅವರ ಮನೆಯವರನ್ನೂ ಕೇಳಿ ನೋಡು. ಅವರೇ ತೋರಿಸುತ್ತಾರೆ, ಹೇಳಿಕೊಳ್ಳಲು ಯಾರಾದರೂ ಸಿಗಲಿ ಎಂದು ಕಾಯುತ್ತಿರುತ್ತಾರೆ.

ನಿಮ್ಮ ಅವ್ವನಿಗೆ ಲಕ್ವಾ ಎಂದೆಯಲ್ಲ, ಹಾಗಾದರೆ ಊಟದ ಹೊತ್ತಿಗೇ ಹೋಗು. ಬೆನ್ನು ನೆಟ್ಟಗೆ ಕೂರಿಸಿ ಉಣಿಸುತ್ತಾರೋ, ಮಲಗಿದಲ್ಲೇ ಬಾಯಿಗೆ ಹಾಕುತ್ತಾರೋ? ಮಲಗಿಸಿ ಕುಡಿಸಿದ ನೀರು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಊಟವಾದ ಮೇಲೆ ಸ್ವಾಧೀನವಿಲ್ಲದ ಕಡೆಯ ಕೆನ್ನೆಯೊಳಗೆ ಬೆರಳು ಹಾಕಿ ನೋಡುವ ಆಯಾ ಇದ್ದರೆ ಅವಳಿಗೆ ಕೈ ಮುಗಿ. ಅಲ್ಲಿ ತುತ್ತು ಹಾಗೇ ಉಳಿದಿರುತ್ತದೆ, ರೋಗಿಗೆ ಅದು ಗೊತ್ತೇ ಆಗುವುದಿಲ್ಲ. ಹಲ್ಲಿಲ್ಲದವರ ಮುಂದೆ ಖಡಕ್ ರೊಟ್ಟಿ ಇಟ್ಟು, "ಊಟ ಕೊಟ್ಟಿದ್ದೇವೆ, ಅವರೇ ಉಣ್ಣಲಿಲ್ಲ" ಎಂದು ಬರೆದುಕೊಳ್ಳುವ ಜಾಗಗಳನ್ನೂ ನೋಡಿದ್ದೇನೆ. ಪ್ರತಿ ತಿಂಗಳು ತೂಕ ಬರೆಯುತ್ತಾರೆಯೇ ಎಂದು ಕೇಳು. ಒಂದು ತಿಂಗಳಲ್ಲಿ ನೂರಕ್ಕೆ ಐದರಷ್ಟು ತೂಕ ಇಳಿದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಿರಬಾರದು.

ನಮ್ಮ ಕಡೆ ಬೇಸಿಗೆಯಲ್ಲಿ ಇನ್ನೊಂದು ಪರೀಕ್ಷೆ ಇದೆ. ಮೇ ತಿಂಗಳಲ್ಲಿ ಬಿಸಿಲು 42, 43 ಡಿಗ್ರಿಗೆ ಏರುತ್ತದೆ. ವಯಸ್ಸಾದವರಿಗೆ ಬಾಯಾರಿಕೆಯೇ ಸರಿಯಾಗಿ ಗೊತ್ತಾಗುವುದಿಲ್ಲ. ನೀರಿನ ಲೋಟ ಮೇಜಿನ ಮೇಲಿದ್ದರೆ ಸಾಲದು, ಸ್ವಾಧೀನವಿರುವ ಕೈಗೆ ಎಟುಕುವಂತಿರಬೇಕು. ನಿಮ್ಮ ಅವ್ವನ ಲೋಟ ಎಡಗಡೆ ಇಟ್ಟರೆ ಅದು ಇದ್ದೂ ಇಲ್ಲದಂತೆಯೇ.

ದೂರದ ಮಗ:
ನಾನು ಅಮೆರಿಕದಲ್ಲಿದ್ದೇನೆ, ಅಪ್ಪಾಜಿ ಯಾದಗಿರಿಯಲ್ಲಿ. ಇಲ್ಲಿ ವೃದ್ಧರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮ್‌ಗಳಿಗೆ 2008ರಿಂದ ಸರ್ಕಾರವೇ ಒಂದರಿಂದ ಐದು ನಕ್ಷತ್ರ ಕೊಡುತ್ತದೆ. ತಪಾಸಣೆಯ ವರದಿ, ಸಿಬ್ಬಂದಿಯ ಪ್ರಮಾಣ, ಆರೈಕೆಯ ಅಳತೆಗಳು ಎಂದು ಮೂರು ಭಾಗ. ಯಾರು ಬೇಕಾದರೂ ಮನೆಯಲ್ಲೇ ಕುಳಿತು ಹೋಲಿಸಿ ನೋಡಬಹುದು. ನಮ್ಮಲ್ಲಿ ಅಂಥದ್ದು ಬಂದರೆ ಈ ಊಹೆಯ ಆಟವೇ ಇರುವುದಿಲ್ಲ. ಅದು ಬರುವವರೆಗೆ ಗೂಗಲ್ ಅಂಕ ಬಿಟ್ಟರೆ ನನ್ನಂಥವರಿಗೆ ಬೇರೆ ಏನಿದೆ?

ಬ್ರಹ್ಮಪುರದ ಸೊಸೆ:
ಗೂಗಲ್‌ನಲ್ಲಿ ಬರೆಯುವವರು ಯಾರೆಂದು ಓದಿ ನೋಡಿದ್ದೀರಾ ಸರ್? "ಕಟ್ಟಡ ಚೆನ್ನಾಗಿದೆ, ಪಾರ್ಕಿಂಗ್ ಇದೆ, ಮ್ಯಾನೇಜರ್ ನಗುತ್ತಾ ಮಾತನಾಡುತ್ತಾರೆ." ಹಾಸಿಗೆಯಲ್ಲಿ ಇರುವವರ ಮಾತು ಒಂದೂ ಇಲ್ಲ.

ಶಹಾಪುರದ ವಕೀಲ:
ನಕ್ಷತ್ರದ ಬಗ್ಗೆಯೂ ಪೂರ್ತಿ ಹೇಳಬೇಕು. ಅಲ್ಲಿ ಮೊದಲು ಸಿಬ್ಬಂದಿಯ ಲೆಕ್ಕವನ್ನು ಸಂಸ್ಥೆಗಳೇ ಬರೆದು ಕೊಡುತ್ತಿದ್ದವು. ಆ ಲೆಕ್ಕ ನಂಬಲು ಬರುವುದಿಲ್ಲವೆಂದೇ 2016ರಿಂದ ಸಂಬಳದ ದಾಖಲೆಯಿಂದ ತೆಗೆದು ಸಲ್ಲಿಸಬೇಕೆಂಬ ನಿಯಮ ತಂದರು. ಆರೈಕೆಯ ಅಳತೆಗಳಲ್ಲಿ ಹಲವು ಈಗಲೂ ಸಂಸ್ಥೆಗಳೇ ಕೊಡುವ ಮಾಹಿತಿಯ ಮೇಲೆ ನಿಂತಿವೆ. ತನ್ನ ಅಂಕಪಟ್ಟಿಯನ್ನು ವಿದ್ಯಾರ್ಥಿಯೇ ತುಂಬಿದಂತೆ.

ಇಲ್ಲಿನ ಕಾನೂನು ಹೀಗಿದೆ. ಚಿಕಿತ್ಸೆ ಕೊಡುವ ಖಾಸಗಿ ಸಂಸ್ಥೆ ಎಂದಾದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಇರಬೇಕು. ದೂರನ್ನು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಕೊಡಬಹುದು. ಊಟ, ವಸತಿ, ಆರೈಕೆ ಮಾತ್ರ ಎಂದು ಹೇಳಿಕೊಳ್ಳುವ ಕೇಂದ್ರಗಳು ಇಲ್ಲೇ ನುಣುಚಿಕೊಳ್ಳುತ್ತವೆ. ಅದೇ 2007ರ ಪಾಲಕರ ಪೋಷಣೆ ಮತ್ತು ಹಿರಿಯ ನಾಗರಿಕರ ಕಾಯ್ದೆಯ 19ನೇ ಕಲಮು ಪ್ರತಿ ಜಿಲ್ಲೆಗೆ 150 ನಿರ್ಗತಿಕ ವೃದ್ಧರಿಗೆ ಸಾಲುವಷ್ಟು ಒಂದಾದರೂ ವೃದ್ಧಾಶ್ರಮದ ಮಾತನ್ನು ಆಡುತ್ತದೆ. ಖಾಸಗಿ ಆರೈಕೆ ಕೇಂದ್ರಗಳ ನೋಂದಣಿ, ಕನಿಷ್ಠ ಗುಣಮಟ್ಟ ಎಲ್ಲ ಸೇರಿಸಿದ ತಿದ್ದುಪಡಿ ಮಸೂದೆಯನ್ನು 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿದರು. ಅದು ಕಾಯ್ದೆಯಾಗಲೇ ಇಲ್ಲ.

ಆದ್ದರಿಂದ ಸರ್, ಸೇರಿಸುವ ಮೊದಲು ಬರವಣಿಗೆಯಲ್ಲಿ ಕರಾರು ಮಾಡಿಸಿಕೊಳ್ಳಿ. ಮುಂಗಡ ಎಷ್ಟು, ವಾಪಸು ಯಾವಾಗ, ಮೈ ಹುಷಾರಿಲ್ಲದಿದ್ದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ, ರಾತ್ರಿ ಯಾರು ಇರುತ್ತಾರೆ, ಎಲ್ಲವೂ ಅದರಲ್ಲಿರಲಿ. ಪ್ರತಿ ತಿಂಗಳು ರಸೀದಿ ಪಡೆಯಿರಿ. ಹಣ ಕೊಟ್ಟು ಪಡೆದ ಸೇವೆ ಎಂದಾದರೆ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ತೆರೆದಿರುತ್ತದೆ. ಐದು ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ. ಹಿರಿಯರ ಸಹಾಯವಾಣಿ 14567.

ರಾತ್ರಿ ಪಾಳಿ:
ನಾನು ಇಂಥ ಒಂದು ಕಡೆ ಆಯಾ ಕೆಲಸ ಮಾಡುತ್ತೇನೆ. ಎಲ್ಲಿ ಎಂದು ಹೇಳಿದರೆ ನಾಳೆ ಕೆಲಸ ಇರುವುದಿಲ್ಲ. ನೀವೆಲ್ಲ ಹಗಲು ಹೊತ್ತಿನ ಮಾತನ್ನೇ ಆಡುತ್ತಿದ್ದೀರಿ. ರಾತ್ರಿ ಹತ್ತರ ನಂತರ ಹದಿನೆಂಟು ಜನಕ್ಕೆ ನಾನೊಬ್ಬಳೇ. ಎರಡು ಗಂಟೆಗೊಮ್ಮೆ ಎಲ್ಲರ ಮಗ್ಗುಲು ಬದಲಿಸಬೇಕೆಂದು ಸಿಸ್ಟರ್ ಅಕ್ಕ ಬರೆದಿದ್ದಾರೆ. ಅದು ಸರಿಯೇ. ಭಾರವಾದ ಮೈಯನ್ನು ಒಬ್ಬಳೇ ಹೊರಳಿಸಲು ಬರುವುದಿಲ್ಲ, ಇಬ್ಬರು ಬೇಕು. ಆ ಎರಡನೆಯವಳು ಎಲ್ಲಿ ಎಂದು ಮಾಲೀಕರನ್ನು ಕೇಳಿ, ನಮ್ಮನ್ನಲ್ಲ.

ಡೈಪರಿನ ಬಿಲ್ ನೋಡಿ. ತಿಂಗಳಿಗೆ ಮೂವತ್ತು ಎಂದಿದ್ದರೆ ದಿನಕ್ಕೆ ಒಂದೇ, ಅಂದರೆ ಇಡೀ ದಿನ ರಾತ್ರಿ ಅದರಲ್ಲೇ. ಇನ್ನೂರು ಎಂದಿದ್ದರೆ ಹಾಕಿದ್ದಕ್ಕಿಂತ ಬರೆದಿದ್ದೇ ಹೆಚ್ಚು. ಬೆಳಿಗ್ಗೆ ಹನ್ನೊಂದಕ್ಕೆ ಹೋದಾಗ ಎಲ್ಲರೂ ಗಾಢ ನಿದ್ದೆಯಲ್ಲಿದ್ದರೆ ರಾತ್ರಿ ಯಾವ ಮಾತ್ರೆ ಕೊಟ್ಟರು ಎಂದು ಕೇಳಿ. ಗಲಾಟೆ ಮಾಡುವ ಅಜ್ಜಂದಿರನ್ನು ಮಲಗಿಸುವುದಕ್ಕೇ ಮಾತ್ರೆ ಬರುತ್ತದೆ. ಮೂತ್ರದ ನಳಿಕೆ ಎಷ್ಟು ಜನರಿಗೆ ಹಾಕಿದ್ದಾರೆ ಎಂದೂ ಎಣಿಸಿ. ರೋಗಿಗೆ ಬೇಕಾಗಿ ಹಾಕಿದ್ದೂ ಇರುತ್ತದೆ, ನಮ್ಮ ಕೆಲಸ ಕಡಿಮೆಯಾಗಲಿ ಎಂದು ಹಾಕಿಸಿದ್ದೂ ಇರುತ್ತದೆ.

ನಿವೃತ್ತ ಸಿಸ್ಟರ್, ಬೀದರ್:
ಈ ತಾಯಿ ಹೇಳಿದ್ದಕ್ಕೆ ನಾನು ಒಂದನ್ನೇ ಸೇರಿಸುತ್ತೇನೆ. ಮರೆವಿನ ಕಾಯಿಲೆ ಇದ್ದವರಿಗೆ ಕ್ವೆಟಿಯಾಪಿನ್‌ನಂಥ ಮನೋರೋಗದ ಮಾತ್ರೆಗಳನ್ನು ವೈದ್ಯರು ಯೋಚಿಸಿ, ಕಡಿಮೆ ಪ್ರಮಾಣದಲ್ಲಿ, ಕೆಲವು ಕಾಲಕ್ಕೆ ಮಾತ್ರ ಬರೆಯಬೇಕು. ಅವರಲ್ಲಿ ಇವು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ಇಲಾಖೆ 2005ರಲ್ಲೇ ಎಚ್ಚರಿಸಿದೆ. ಚೀಟಿ ಯಾರು ಬರೆದರು, ಯಾವಾಗ ಬರೆದರು, ನೋಡಿ. ಮ್ಯಾನೇಜರ್ ತಾನೇ ಮಾತ್ರೆ ನಿರ್ಧರಿಸುವ ಜಾಗದಲ್ಲಿ ಯಾರನ್ನೂ ಬಿಡಬೇಡಿ.

ಸೇಡಂ ತೊಗರಿ:
ಎಲ್ಲರೂ ಮಾಲೀಕರನ್ನು ಕಟಕಟೆಗೆ ಹತ್ತಿಸಿದ್ದೀರಿ. ನಮ್ಮ ಕಡೆ ಮಠಗಳು, ಟ್ರಸ್ಟ್‌ಗಳು ಒಂದು ರೂಪಾಯಿ ಪಡೆಯದೆ ನಡೆಸುವ ಆಶ್ರಮಗಳೂ ಇವೆ. ಅಲ್ಲಿಗೂ ಹೋಗಿ ಹಿಮ್ಮಡಿ ಎತ್ತಿ ನೋಡುವಿರೋ? ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ಹೀಗೆ ತೂಗಿ ಅಳೆಯುತ್ತಾ ಹೋದರೆ ನಡೆಸುವವರೂ ಕೈ ಬಿಡುತ್ತಾರೆ.

ನಿವೃತ್ತ ಸಿಸ್ಟರ್, ಬೀದರ್:
ಅಲ್ಲಿ ಇನ್ನೂ ಹೆಚ್ಚು ನೋಡಬೇಕು ಅಣ್ಣಾ. ದುಡ್ಡು ಕೊಟ್ಟವರ ಮಗ ಬಂದು ಜಗಳವಾಡುತ್ತಾನೆ. ಧರ್ಮಕ್ಕೆ ಇದ್ದವರ ಪರವಾಗಿ ಕೇಳಲು ಯಾರು ಬರುತ್ತಾರೆ? ನಾನು ನೋಡಿದ ಒಂದು ಉಚಿತ ಆಶ್ರಮದಲ್ಲಿ ದಾಸೋಹದ ಬಿಸಿ ಅನ್ನ, ತೊಗರಿ ಸಾರು, ಮೂವರು ಆಯಾಗಳು, ಒಬ್ಬರಿಗೂ ಹುಣ್ಣಿಲ್ಲ. ಗೋಡೆಯ ಸುಣ್ಣ ಉದುರುತ್ತಿತ್ತು. ದಾನಿಗಳು ಬಣ್ಣ ಹೊಡೆಸುತ್ತೇವೆ ಎಂದಾಗ, ಅದರ ಬದಲು ಇನ್ನೊಬ್ಬಳು ಆಯಾಳ ಸಂಬಳ ಕೊಡಿ ಎಂದು ಅಲ್ಲಿನ ವ್ಯವಸ್ಥಾಪಕರು ಕೇಳಿದರು. ಮೊಳ ಹಾಕಿದರೆ ಅಂಥವರಿಗೆ ಭಯವಿಲ್ಲ.

ದೂರದ ಮಗ:
ನೀವೆಲ್ಲ ಹೋಗಿ ನೋಡಿ ಎನ್ನುತ್ತೀರಿ. ಊಟದ ಹೊತ್ತಿಗೆ, ರಾತ್ರಿ ಹೊತ್ತಿಗೆ, ಹೇಳದೆ ಕೇಳದೆ. ಸಮುದ್ರದಾಚೆ ಇರುವವನು ಏನು ಮಾಡಬೇಕು?

ಬ್ರಹ್ಮಪುರದ ಸೊಸೆ:
ದಿನ ಗೊತ್ತುಪಡಿಸದೆ ಹೋಗಿ ಬರಲು ನಂಬಿಕೆಯ ಒಬ್ಬರನ್ನು ಊರಲ್ಲಿ ಗೊತ್ತುಮಾಡಿ ಸರ್. ವಿಡಿಯೋ ಕರೆಯಲ್ಲಿ ಮುಖ ತೋರಿಸಿದರೆ ಸಾಲದು. ಮುಖ ತೊಳೆದು ಪೌಡರ್ ಹಚ್ಚಲು ಎರಡು ನಿಮಿಷ ಸಾಕು. ಪಾದ ತೋರಿಸಿ ಎಂದು ಕೇಳಿ, ಬೆನ್ನು ತೋರಿಸಿ ಎಂದು ಕೇಳಿ.

ಆಳಂದ ರಸ್ತೆ:
ಎಲ್ಲರಿಗೂ ನಮಸ್ಕಾರ. ಇವತ್ತು ಎರಡೂ ಕಡೆ ಹೇಳದೆ ಹೋದೆ. ಟೈಲ್ಸ್ ಇರುವ ಕಡೆ ಪ್ರತಿ ಮಂಚಕ್ಕೂ ಮಗ್ಗುಲು ಬದಲಿಸಿದ ಚಾರ್ಟ್ ತೂಗುಹಾಕಿದ್ದಾರೆ. ನೋಡಿ ಸಂತೋಷವಾಯಿತು. ಆಮೇಲೆ ಮೊಬೈಲ್ ತೆಗೆದು ಗಂಟೆ ನೋಡಿದೆ, ನಾಲ್ಕೂವರೆ. ಚಾರ್ಟ್‌ನಲ್ಲಿ ಸಂಜೆ ಆರು ಗಂಟೆಗೆ ಎಡಕ್ಕೆ, ಎಂಟಕ್ಕೆ ಬಲಕ್ಕೆ, ಹತ್ತಕ್ಕೆ ಎಡಕ್ಕೆ ಎಂದು ಸಹಿಯ ಸಮೇತ ತುಂಬಿಯಾಗಿತ್ತು. ಕೇಳಿದ್ದಕ್ಕೆ, "ಸಾಯಂಕಾಲ ಗಡಿಬಿಡಿ ಇರುತ್ತದೆ ಸರ್" ಎಂದರು.

ಹಳೆಯ ಮನೆಯಲ್ಲಿ ಚಾರ್ಟೇ ಇಲ್ಲ. ಆದರೆ ಮಂಚದ ಮೇಲಿದ್ದ ಅಜ್ಜಿಯ ಎರಡೂ ಕಾಲುಗಳ ಕೆಳಗೆ ಹಳೆಯ ಸೀರೆ ಮಡಚಿ ಮಾಡಿದ ದಿಂಬು ಇತ್ತು, ಹಿಮ್ಮಡಿ ಗಾಳಿಯಲ್ಲಿತ್ತು. ರಾತ್ರಿಗೆ ಹನ್ನೊಂದು ಜನಕ್ಕೆ ಇಬ್ಬರು ಆಯಾಗಳು. ಸಿಸ್ಟರ್ ಮಾತ್ರ ಹಗಲಿಗೆ. ರಾತ್ರಿ ತೊಂದರೆಯಾದರೆ ಆಟೋದಲ್ಲಿ ಸರ್ಕಾರಿ ಆಸ್ಪತ್ರೆಯಾದ ಜಿಮ್ಸ್‌ಗೆ ಒಯ್ಯುತ್ತಾರಂತೆ. ಆಂಬ್ಯುಲೆನ್ಸ್ ಇಲ್ಲ.

ಶಹಾಪುರದ ವಕೀಲ:
ಮೊದಲ ಕಡೆಯ ಚಾರ್ಟ್‌ನ ಫೋಟೋ ತೆಗೆದಿರಾ?

ಆಳಂದ ರಸ್ತೆ:
ತೆಗೆಯಲು ಬಿಡಲಿಲ್ಲ ಸರ್. ರೋಗಿಗಳ ಗೌಪ್ಯತೆ ಎಂದರು.

ನಿವೃತ್ತ ಸಿಸ್ಟರ್, ಬೀದರ್:
ತಮ್ಮಾ, ಚಾರ್ಟ್ ಇಲ್ಲದಿರುವುದೂ ಕೊರತೆಯೇ. ಮಾತ್ರೆ ಯಾರಿಗೆ ಯಾವಾಗ ಕೊಟ್ಟರು ಎಂಬುದಾದರೂ ಬರವಣಿಗೆಯಲ್ಲಿರಬೇಕು. ಹಳೆಯ ಮನೆಯವರಿಗೆ ಎರಡು ಷರತ್ತು ಹಾಕು. ಮಾತ್ರೆಗೆ ಒಂದು ನೋಟ್‌ಬುಕ್ ಇಡಲಿ, ರಾತ್ರಿ ಕರೆದರೆ ಬರುವ ವೈದ್ಯರೊಬ್ಬರ ಹೆಸರು, ಫೋನ್ ಗೋಡೆಯ ಮೇಲೆ ಇರಲಿ. ಒಪ್ಪಿದರೆ ಸೇರಿಸು. ಮುಂಗಡ ಒಂದು ತಿಂಗಳದ್ದಕ್ಕಿಂತ ಹೆಚ್ಚು ಕೊಡಬೇಡ.

ರಾತ್ರಿ ಪಾಳಿ:
ಅಣ್ಣಾವರೇ, ಅಲ್ಲಿ ಹನ್ನೊಂದು ಜನಕ್ಕೆ ಇಬ್ಬರು ಎಂದಿರಲ್ಲ. ಸಂಬಳ ಎಷ್ಟು ಕೊಡುತ್ತಾರೆ, ಇನ್ನೊಬ್ಬಳು ಬೇಕೇ ಎಂದು ಕೇಳಿ ತಿಳಿಸುವಿರಾ?