ಸೋತ ಮಗಳಿಗೆ ಎಲ್ಲರೆದುರು ಬಸ್ಕಿ: ತರಬೇತಿ ಬಿಡಿಸಬೇಕೇ?

ಪ್ರಶ್ನೆ (ಒಬ್ಬ ತಾಯಿ, ದಾವಣಗೆರೆ):
ಮೇಡಂ, ನಮಸ್ಕಾರ. ನನ್ನ ಮಗಳಿಗೆ 11 ವರ್ಷ. ಎರಡು ವರ್ಷದಿಂದ ಷಟಲ್ ಬ್ಯಾಡ್ಮಿಂಟನ್ ಕಲಿಯುತ್ತಿದ್ದಾಳೆ. ಹೊಸ ತರಬೇತುದಾರರು ಬಂದು ಐದು ತಿಂಗಳಾಯಿತು. ಆಟ ಚೆನ್ನಾಗಿ ಬಲ್ಲವರು, ಒಂದು ದಿನವೂ ತಡ ಮಾಡಿದವರಲ್ಲ. ಆದರೆ ಕಳೆದ ತಿಂಗಳು ಇವಳು ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ಸೋತಾಗ ಎಲ್ಲ ಮಕ್ಕಳೆದುರು 50 ಬಸ್ಕಿ ಹೊಡೆಸಿದರು. ಅಂದಿನಿಂದ ತರಬೇತಿ ಇರುವ ದಿನ ಬೆಳಿಗ್ಗೆ ಹೊಟ್ಟೆನೋವು ಎನ್ನುತ್ತಾಳೆ. ಭಾನುವಾರ ನೋವಿರುವುದಿಲ್ಲ. ನಮ್ಮ ಮನೆಯವರು ‘ಗಟ್ಟಿಯಾಗಲಿ ಬಿಡು’ ಎನ್ನುತ್ತಾರೆ. ಬಿಡಿಸಲೇ, ಸುಮ್ಮನಿರಲೇ?

ಉತ್ತರ (ಮಕ್ಕಳ ಕ್ರೀಡಾ ಮನಃಶಾಸ್ತ್ರಜ್ಞೆ):
ಆ ಹೊಟ್ಟೆನೋವನ್ನು ನೆಪ ಎಂದುಕೊಳ್ಳಬೇಡಿ. ಹೆದರಿದ ಮಗುವಿಗೆ ಹೊಟ್ಟೆ ನಿಜವಾಗಿಯೇ ನೋಯುತ್ತದೆ. ಒಮ್ಮೆ ಮಕ್ಕಳ ವೈದ್ಯರಿಗೆ ತೋರಿಸಿಬಿಡಿ. ಆಮೇಲೆ ಒಂದು ಸಂಜೆ ಅಂಕಣದ ಪಕ್ಕ ಕುಳಿತು, ಷಟಲ್ ನೆಟ್‌ಗೆ ಬಡಿದ ಮರುಕ್ಷಣ ನಿಮ್ಮ ಮಗಳ ಕಣ್ಣು ಎತ್ತ ಹೋಗುತ್ತದೆ ಎಂದು ಗಮನಿಸಿ. ಕಲಿಯುವ ಉಮೇದಿನಲ್ಲಿರುವ ಮಗು ತನ್ನ ರಾಕೆಟ್ ನೋಡಿಕೊಳ್ಳುತ್ತದೆ, ಕಾಲಿಟ್ಟ ಜಾಗ ನೋಡಿಕೊಳ್ಳುತ್ತದೆ, ಗಾಳಿಯಲ್ಲೇ ಒಮ್ಮೆ ಕೈ ಬೀಸಿ ಹೊಡೆತ ತಿದ್ದಿಕೊಳ್ಳುತ್ತದೆ. ಹೆದರಿದ ಮಗು ತರಬೇತುದಾರರ ಮುಖ ನೋಡುತ್ತದೆ. ಎದುರಿನಿಂದ ಮುಂದಿನ ಸರ್ವಿಸ್ ಬರುವಾಗಲೂ ಅದರ ಅರ್ಧ ಗಮನ ಆ ಮುಖದಲ್ಲೇ ಉಳಿದಿರುತ್ತದೆ. ಕ್ರಮೇಣ ಅಂಥ ಮಕ್ಕಳು ಗೆರೆಯಂಚಿಗೆ ಹೊಡೆಯುವುದನ್ನೇ ಬಿಡುತ್ತಾರೆ. ತಪ್ಪಾದೀತೆಂಬ ಭಯಕ್ಕೆ ಷಟಲನ್ನು ಸುಮ್ಮನೆ ಮಧ್ಯಕ್ಕೆ ಎತ್ತಿ ಹಾಕುತ್ತಾ ಆಡುತ್ತಾರೆ. ಇಂಥವರನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ, ಪ್ರತಿ ಸಲವೂ ಸಂಕಟವಾಗುತ್ತದೆ.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮಾಲ್ 1970ರ ದಶಕದಿಂದ ಮಕ್ಕಳ ಬೇಸ್‌ಬಾಲ್ ತಂಡಗಳನ್ನು ಅಧ್ಯಯನ ಮಾಡಿದವರು. ಮಗು ತಪ್ಪು ಮಾಡಿದಾಗ ಏನು ಹೇಳಬೇಕು, ಹೇಗೆ ಹೇಳಬೇಕು ಎಂಬುದನ್ನು ತರಬೇತುದಾರರಿಗೆ ಸುಮಾರು ಎರಡೂವರೆ ಗಂಟೆಯ ಒಂದು ಕಾರ್ಯಾಗಾರದಲ್ಲಿ ಕಲಿಸುತ್ತಿದ್ದರು. 1992ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಈ ಪಾಠ ಕಲಿತವರ ಕೈಕೆಳಗೆ ಆಡಿದ ಮಕ್ಕಳಲ್ಲಿ ಶೇ 5ರಷ್ಟು ಮಂದಿ ಮಾತ್ರ ಮರುವರ್ಷ ಆಟ ಬಿಟ್ಟಿದ್ದರು. ಕಲಿಯದವರ ಕೈಕೆಳಗಿನ ಮಕ್ಕಳಲ್ಲಿ ಬಿಟ್ಟವರು ಶೇ 26ರಷ್ಟು.

ಬಸ್ಕಿಯ ಬಗ್ಗೆ ಇನ್ನೊಂದು ಮಾತು. ಬಸ್ಕಿ ಒಳ್ಳೆಯ ವ್ಯಾಯಾಮ. ಅದನ್ನೇ ಶಿಕ್ಷೆ ಮಾಡಿದರೆ ಮಗು ವ್ಯಾಯಾಮವನ್ನೇ ದ್ವೇಷಿಸುತ್ತದೆ. ಈ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗೆ, ಸ್ನಾಯುರಜ್ಜು ಮೂಳೆಗೆ ಅಂಟುವ ಜಾಗ ಇನ್ನೂ ಬೆಳೆಯುತ್ತಿರುತ್ತದೆ. ದಣಿದ ಕಾಲಿನಲ್ಲಿ ಮತ್ತೆ ಮತ್ತೆ ಇಂಥ ಶಿಕ್ಷೆ ಕೊಟ್ಟರೆ ಅಲ್ಲಿ ನೋವು ಶುರುವಾಗಬಹುದು.

ಈಗಲೇ ಬಿಡಿಸಬೇಡಿ. ಮೊದಲು ತರಬೇತುದಾರರನ್ನು ಒಬ್ಬರೇ ಇರುವಾಗ ಕಂಡು, ಹೊಟ್ಟೆನೋವಿನ ಸಂಗತಿಯನ್ನು ಇದ್ದದ್ದು ಇದ್ದ ಹಾಗೆ ಹೇಳಿ. ‘ಎಲ್ಲರೆದುರು ಶಿಕ್ಷೆ ಬೇಡ ಸರ್, ತಪ್ಪನ್ನು ಅವಳಿಗೇ ಹೇಳಿ’ ಎಂದು ಕೇಳಿಕೊಳ್ಳಿ. ಎಷ್ಟೋ ಮಂದಿಗೆ ತಾವೂ ಹೀಗೆಯೇ ಕಲಿತದ್ದರಿಂದ ಬೇರೆ ದಾರಿ ಗೊತ್ತಿರುವುದಿಲ್ಲ, ಹೇಳಿದರೆ ತಿದ್ದಿಕೊಳ್ಳುತ್ತಾರೆ. ಮೂರು ನಾಲ್ಕು ವಾರ ನೋಡಿ. ಅವಮಾನ ನಿಲ್ಲದಿದ್ದರೆ ಬೇರೆ ಕಡೆ ಸೇರಿಸಿ. ಕೈ ಎತ್ತಿದ್ದು ಗೊತ್ತಾದರೆ ಮಾತ್ರ ಅಂದೇ ಕರೆತನ್ನಿ, ವಾರಗಟ್ಟಲೆ ಕಾಯಬೇಡಿ. ಮಕ್ಕಳ ಸಹಾಯವಾಣಿ 1098 ಇರುವುದು ಇಂಥದ್ದಕ್ಕೂ ಹೌದು.

ಪ್ರಶ್ನೆ (ಒಬ್ಬ ತಂದೆ, ಕೊಡಗು):
ಮೇಡಂ, ಕ್ಷಮಿಸಿ, ನಾನು ಒಪ್ಪುವುದಿಲ್ಲ. ಶಾಲೆಯಲ್ಲಿ ನಾವು ಹಾಕಿ ಕಲಿತದ್ದೇ ಪೆಟ್ಟು ತಿಂದು. ಅದರಿಂದಲೇ ಶಿಸ್ತು ಬಂತು.

ಉತ್ತರ:
ಸರ್, ನಿಮ್ಮ ಜೊತೆ ಮೊದಲ ದಿನ ಮೈದಾನಕ್ಕೆ ಇಳಿದ ಹುಡುಗರನ್ನೆಲ್ಲ ಒಮ್ಮೆ ನೆನಪಿಸಿಕೊಳ್ಳಿ. ಎಷ್ಟು ಮಂದಿ ಕೊನೆಯವರೆಗೆ ಉಳಿದರು? ಪೆಟ್ಟಿನಿಂದ ಕಲಿತೆವು ಎಂದು ಹೇಳುವವರು ಉಳಿದವರು. ಹೆದರಿ ಬಿಟ್ಟುಹೋದವರಲ್ಲಿ ನಿಮಗಿಂತ ಚುರುಕಿನವರೂ ಇದ್ದಿರಬಹುದು.

ಶಿಸ್ತು ಖಂಡಿತ ಬೇಕು. ಆರು ಗಂಟೆ ಎಂದರೆ ಆರು ಗಂಟೆಗೇ ಬರಬೇಕು, ನೆಟ್ ಬಿಚ್ಚಿ ಮಡಚಿಟ್ಟೇ ಹೋಗಬೇಕು ಎನ್ನುವ ತರಬೇತುದಾರರನ್ನು ಮಕ್ಕಳು ಗೌರವಿಸುತ್ತಾರೆ; ನಿಯಮ ಎಲ್ಲರಿಗೂ ಒಂದೇ ಎಂದು ಅವರಿಗೆ ಗೊತ್ತಿರುತ್ತದೆ. ಪ್ರತಿ ಹೊಡೆತಕ್ಕೂ ‘ಸೂಪರ್’ ಎನ್ನುವವರಿಂದಲೂ ಮಗು ಕಲಿಯುವುದಿಲ್ಲ. ಆದರೆ ಸೋಲು ನಿಯಮಭಂಗವಲ್ಲ. ಪ್ರಕಾಶ್ ಪಡುಕೋಣೆ ತಮ್ಮ ಮೊದಲ ಅಧಿಕೃತ ಪಂದ್ಯಾವಳಿಯಲ್ಲಿ, 1962ರ ರಾಜ್ಯ ಜೂನಿಯರ್ ಚಾಂಪಿಯನ್‌ಷಿಪ್‌ನಲ್ಲಿ, ಮೊದಲ ಸುತ್ತಿನಲ್ಲೇ ಸೋತರು. ಆಗ ಅವರಿಗೆ ಏಳು ವರ್ಷ. ಎರಡು ವರ್ಷದ ನಂತರ ಅದೇ ಪ್ರಶಸ್ತಿ ಗೆದ್ದರು, 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಮೊದಲ ಸುತ್ತಿನಲ್ಲಿ ಸೋತ ಮಗುವನ್ನು ನೋಡುವಾಗ ನನಗೆ ಈ ಮಾತು ನೆನಪಾಗುತ್ತದೆ.

ಪ್ರಶ್ನೆ (ಯುವ ತರಬೇತುದಾರ, ತುಮಕೂರು):
ನನ್ನ ಬಳಿ ಎರಡು ಅಂಕಣ, 24 ಮಕ್ಕಳು. ನಾನೂ ಕೂಗಾಡುತ್ತೇನೆ, ಒಪ್ಪಿಕೊಳ್ಳುತ್ತೇನೆ. ಒಬ್ಬೊಬ್ಬರಿಗೂ ಸಮಾಧಾನದಿಂದ ಹೇಳಲು ಸಮಯವೆಲ್ಲಿದೆ ಮೇಡಂ?

ಉತ್ತರ:
ಒಪ್ಪಿಕೊಂಡದ್ದು ದೊಡ್ಡ ಮಾತು. ಗದ್ದಲದಲ್ಲಿ ಕೇಳಿಸಲಿ ಎಂದು ದನಿ ಏರಿಸುವುದರಲ್ಲಿ ತಪ್ಪಿಲ್ಲ, ಆ ದನಿಯಲ್ಲಿ ಏನು ಹೇಳುತ್ತೀರಿ ಎಂಬುದನ್ನು ನೋಡಿಕೊಳ್ಳಿ. ‘ಎಷ್ಟು ಸಲ ಹೇಳಬೇಕು ನಿನಗೆ’ ಎಂದರೆ ಮಗುವಿಗೆ ಮಾಡಲು ಏನೂ ಸಿಗುವುದಿಲ್ಲ. ‘ಸರಿಯಾಗಿ ಓಡಿ ಬಂದೆ, ಮುಂದಿನ ಸಲ ಮೊಣಕೈ ಮೇಲಿರಲಿ’ ಎನ್ನಲು ಬೇಕಾಗುವುದೂ ಅಷ್ಟೇ ಹೊತ್ತು.

ಒಂದು ದಿನ ಮೊಬೈಲನ್ನು ಜೇಬಿನಲ್ಲಿಟ್ಟು ಹತ್ತು ನಿಮಿಷ ನಿಮ್ಮ ದನಿಯನ್ನಷ್ಟೇ ರೆಕಾರ್ಡ್ ಮಾಡಿ. ಯಾರ ಹೆಸರು ಎಷ್ಟು ಸಲ ಬಂತು, ಯಾರ ಹೆಸರು ಬರಲೇ ಇಲ್ಲ ಎಂದು ಕೇಳಿಸಿಕೊಳ್ಳಿ. ತರಬೇತುದಾರರು ತಮ್ಮ ವರ್ತನೆಯ ಬಗ್ಗೆ ಹೇಳುವುದಕ್ಕಿಂತ ಮಕ್ಕಳು ಹೇಳುವುದೇ ವಾಸ್ತವಕ್ಕೆ ಹತ್ತಿರ ಎಂದು ಸ್ಮಿತ್ ಮತ್ತು ಸ್ಮಾಲ್ ಕಂಡುಕೊಂಡಿದ್ದರು.

ದಾವಣಗೆರೆಯ ತಾಯಿ:
ನಿನ್ನೆ ಹೋಗಿ ಕುಳಿತಿದ್ದೆ ಮೇಡಂ. ನೀವು ಹೇಳಿದಂತೆಯೇ ಆಯಿತು. ಷಟಲ್ ಕೆಳಗೆ ಬಿದ್ದಾಗಲೆಲ್ಲ ಅವರ ಕಡೆ ನೋಡಿದಳು, ಒಮ್ಮೆ ನನ್ನ ಕಡೆಗೂ ನೋಡಿದಳು. ಶನಿವಾರ ಅವರೊಡನೆ ಮಾತನಾಡುತ್ತೇನೆ.

ಉತ್ತರ:
ಮಾತನಾಡಿ. ನಿಮ್ಮ ಕಡೆ ನೋಡಿದಳಲ್ಲ, ಅದನ್ನೂ ಮನಸ್ಸಿನಲ್ಲಿಡಿ. ಅವಳು ನೋಡಿದಾಗ ತಲೆ ಅಲ್ಲಾಡಿಸಿ ನಕ್ಕರೆ ಸಾಕು. ಮನೆಗೆ ಬರುವಾಗ ಸ್ಕೂಟರ್ ಮೇಲೆ ಆಟದ ಪ್ರಸ್ತಾಪ ಬೇಡ, ಅವಳಾಗಿಯೇ ತೆಗೆದರೆ ಕೇಳಿಸಿಕೊಳ್ಳಿ. ಶನಿವಾರ ಏನಾಯಿತೆಂದು ಬರೆಯಿರಿ, ಕಾಯುತ್ತಿರುತ್ತೇನೆ.