‘ವ್ಯವಸಾಯ ಸರಿ, ಕೆಲಸ ಏನು?’ ಅಂದರೆ ಏನು ಹೇಳೋದು?

ಗದ್ದೆಬದು:
ನನಗೆ 34. ಮದ್ದೂರು ತಾಲ್ಲೂಕು. ಬಿ.ಕಾಂ. ಮುಗಿಸಿ ಬೆಂಗಳೂರಲ್ಲಿ 5 ವರ್ಷ ದುಡಿದೆ. ಅಪ್ಪನಿಗೆ ಮಂಡಿನೋವು ಜಾಸ್ತಿ ಆದ ಮೇಲೆ ಊರಿಗೆ ಬಂದೆ. ನಾಲೆ ನೀರಿನ 3 ಎಕರೆ, ಕಬ್ಬು, ಭತ್ತ, ಎರಡು ಹಸು. ಸಾಲ ಇಲ್ಲ. ಯಾವ ಮ್ಯಾನೇಜರ್ ಫೋನಿಗೂ ಹೆದರಬೇಕಾಗಿಲ್ಲ.

ಹೋದ ಭಾನುವಾರ ಹೆಣ್ಣು ನೋಡಲು ಹೋಗಿದ್ದೆವು, ಇದು 11ನೇ ಮನೆ. ಹುಡುಗಿಯ ಸೋದರಮಾವ, “ಏನ್ ಮಾಡ್ಕೊಂಡಿದ್ದೀಯಪ್ಪ?” ಅಂದರು. “ವ್ಯವಸಾಯ” ಅಂದೆ. “ಅದು ಸರಿ, ಕೆಲಸ ಏನು?” ಉಪ್ಪಿಟ್ಟು ಗಂಟಲಲ್ಲೇ ನಿಂತಿತು. ಬೆಳಗ್ಗೆ 5ಕ್ಕೆ ಹಾಲು ಕರೆದು ಡೇರಿಗೆ ಹಾಕೋದು, ನಡುರಾತ್ರಿ ಗದ್ದೆಗೆ ನೀರು ಕಟ್ಟೋದು ಕೆಲಸ ಅಲ್ವಾ?

“ಬೆಂಗಳೂರಲ್ಲಿ ಕೆಲಸ ಅಂತ ಹೇಳ್ಬಿಡು, ಮದುವೆ ಆದ್ಮೇಲೆ ಊರಿಗೆ ಬಂದ್ರಾಯ್ತು” ಅನ್ನುತ್ತಾನೆ ದಲ್ಲಾಳಿ. ಅಮ್ಮನೂ ತಲೆ ಆಡಿಸುತ್ತಾಳೆ. ಹಾಗೆ ಮಾಡಿದವರು ಇಲ್ಲಿ ಇದ್ದೀರಾ?

ಮಾದಪ್ಪನ ಒಕ್ಕಲು:
ನನ್ನ ದೊಡ್ಡಪ್ಪನ ಮಗ ಮಾಡಿದ. ಆರೇ ತಿಂಗಳಿಗೆ ಬಯಲಾಯಿತು. ತವರಿಗೆ ಹೋದ ಅತ್ತಿಗೆ ಇನ್ನೂ ಬಂದಿಲ್ಲ. ಬೇಡ ಕಣಣ್ಣ.

2023ರ ಫೆಬ್ರವರಿಯಲ್ಲಿ ಮದುವೆಯಾಗದ ಹುಡುಗರು ಹೆಣ್ಣು ಸಿಗಲಿ ಅಂತ ಕೆ.ಎಂ. ದೊಡ್ಡಿಯಿಂದ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟರಲ್ಲ, ನನಗೂ ಹೋಗುವ ಆಸೆ ಇತ್ತು. “ಮಾನ ಕಳೀಬೇಡ” ಅಂದರು ನಮ್ಮಪ್ಪ. ಹೆಣ್ಣು ಸಿಕ್ಕಿಲ್ಲ ಅಂತ ಗಂಡಸು ಬಾಯಿಬಿಟ್ಟು ಹೇಳಬಾರದಂತೆ. ಟಿವಿಯಲ್ಲಿ ನೋಡಿದೆ. ಪಕ್ಕದಲ್ಲಿ ಕೂತವರೆಲ್ಲ ನಗುತ್ತಿದ್ದರು, ನಾನೂ ನಕ್ಕೆ.

ರೈತನ ಮಗಳು:
ಕೋಪ ಮಾಡ್ಕೋಬೇಡಿ ಅಣ್ಣ, ರೈತನ ಮನೆ ಬೇಡ ಅಂದವಳು ನಾನು. ಜಮೀನು ಬೇಡ ಅಂತಲ್ಲ. ಅಪ್ಪ ಗದ್ದೆಯಿಂದ ಬಂದು ಕೈಕಾಲು ತೊಳೆದು ಜಗಲಿ ಮೇಲೆ ಕೂರುತ್ತಿದ್ದರು. ಅದೇ ಗದ್ದೆಯಲ್ಲಿ ಕಳೆ ಕಿತ್ತು ಬಂದ ಅಮ್ಮ ಸೀರೆ ಕೆಸರು ಒಣಗೋ ಮೊದಲೇ ಒಲೆ ಮುಂದೆ ಇರುತ್ತಿದ್ದಳು. ಪಹಣಿಯಲ್ಲಿ ಅವಳ ಹೆಸರಿಲ್ಲ. ಯಾರಾದರೂ ಕೇಳಿದರೆ ಅಪ್ಪ, “ಅವಳು ಮನೇಲೇ ಇದ್ದಾಳೆ” ಅನ್ನುತ್ತಿದ್ದರು. ನಿಮಗೆ ಭಾನುವಾರ ಆದ ಅವಮಾನ ಅವಳಿಗೆ ದಿನಾ ಆಗುತ್ತಿತ್ತು.

ಇನ್ನೊಂದು. ಹೆಣ್ಣು ಸಿಗಲ್ಲ ಅಂತೀರಲ್ಲ, ಅದೇ 2023ರ ನವೆಂಬರಲ್ಲಿ ನಮ್ಮ ಮಂಡ್ಯದ ಆಲೆಮನೆಯಲ್ಲೇ ಕದ್ದು ಸ್ಕ್ಯಾನಿಂಗ್ ಮಾಡುತ್ತಿದ್ದದ್ದು ಬಯಲಾಗಿತ್ತು. ಹೆಣ್ಣು ಬೇಡ ಅಂತ ಹೊಟ್ಟೆಯಲ್ಲೇ ತೆಗೆಸಿದವರು ಎಲ್ಲಿಯವರು?

ಅದಿರಲಿ, ನಿಮಗೆ ಮುದ್ದೆ ತೊಳಸೋಕೆ ಬರುತ್ತಾ?

ಗದ್ದೆಬದು:
ಬರುತ್ತೆ ತಂಗಿ. ಬೆಂಗಳೂರಿನ ರೂಮಲ್ಲಿ ಕಲಿತೆ, ಗಂಟು ಬರಲ್ಲ. ಊರಿಗೆ ಬಂದ ಮೇಲೆ ಒಮ್ಮೆಯೂ ಮಾಡಿಲ್ಲ. “ನೋಡಿದೋರು ಏನಂತಾರೆ” ಅನ್ನುತ್ತಾಳೆ ಅಮ್ಮ. ನನಗೂ ಅದೇ ಆರಾಮಾಗಿತ್ತು, ಸುಳ್ಳು ಯಾಕೆ ಹೇಳಲಿ.

ದಲ್ಲಾಳಿಗೆ ಬೇಡ ಅಂದೆ. ರಾತ್ರಿ 2ಕ್ಕೆ ನೀರಿನ ಸರದಿ ಇದೆ, ಹೊರಟೆ.